ಡೆಂಟಲ್ ಶಾಲೆ ಸೇರಿದ ಮೇಲೂ ಹೈಜೀನಿಸ್ಟ್ ಕೆಲಸ ಮುಂದುವರಿಸಬಹುದೇ?

ಪ್ರಶ್ನೆ: ನಮಸ್ಕಾರ ಮೇಡಂ. ದಾವಣಗೆರೆಯಲ್ಲಿ ಬಿಡಿಎಸ್ ಮುಗಿಸಿ ಎರಡು ವರ್ಷ ಅಲ್ಲೇ ಪ್ರಾಕ್ಟೀಸ್ ಮಾಡಿದ್ದೆ. ಮದುವೆಯಾದ ಮೇಲೆ ಫ್ಲಾರಿಡಾಕ್ಕೆ ಬಂದೆ. ಇಲ್ಲಿ ಪರೀಕ್ಷೆಗಳನ್ನು ಬರೆದು ಡೆಂಟಲ್ ಹೈಜೀನಿಸ್ಟ್ (ದಂತವೈದ್ಯರ ಕೈಕೆಳಗೆ ಹಲ್ಲು, ವಸಡು ಶುಚಿ ಮಾಡುವವರು) ಲೈಸೆನ್ಸ್ ಪಡೆದೆ. ಐದು ವರ್ಷಗಳಿಂದ ಒಂದೇ ಕ್ಲಿನಿಕ್ಕಿನಲ್ಲಿ ವಾರಕ್ಕೆ ನಾಲ್ಕು ದಿನ ಕೆಲಸ ಮಾಡುತ್ತಿದ್ದೇನೆ. ಈಗ ಹೊರದೇಶದ ದಂತವೈದ್ಯರಿಗಾಗಿ ಇರುವ ಅಡ್ವಾನ್ಸ್ಡ್ ಸ್ಟ್ಯಾಂಡಿಂಗ್ ಕೋರ್ಸಿನಲ್ಲಿ ಸೀಟು ಸಿಕ್ಕಿದೆ. ಎರಡೂವರೆ ವರ್ಷದ ಓದು, ಮನೆಯಿಂದ ಐವತ್ತು ನಿಮಿಷದ ದಾರಿ, ಶುಲ್ಕ ಎರಡು ಲಕ್ಷ ಡಾಲರಿಗೂ ಹೆಚ್ಚು. ನಾನು ಎಚ್-4 ವೀಸಾದಲ್ಲಿದ್ದೇನೆ (ಯಜಮಾನರ ಎಚ್-1ಬಿ ಕೆಲಸದ ವೀಸಾದ ಮೇಲೆ ಸಂಗಾತಿಗೆ ಸಿಗುವುದು), ಕೆಲಸದ ಪರವಾನಗಿ ಕಾರ್ಡ್ ಇದೆ. ಮಗಳಿಗೆ ಆರು ವರ್ಷ. ನಮ್ಮ ಕ್ಲಿನಿಕ್ಕಿನ ಡಾಕ್ಟರ್ "ಶುಕ್ರವಾರ ಮಧ್ಯಾಹ್ನ ಮತ್ತು ಶನಿವಾರ ಇಡೀ ದಿನ ಬನ್ನಿ, ನಿಮ್ಮ ಪೇಷೆಂಟುಗಳು ನಿಮ್ಮನ್ನೇ ಕೇಳುತ್ತಾರೆ" ಎನ್ನುತ್ತಿದ್ದಾರೆ. ಕನ್ನಡ ಸಂಘದ ಗೆಳತಿಯೊಬ್ಬರು "ಓದುವಾಗ ಹೊರಗೆ ಕೆಲಸ ಮಾಡಿದರೆ ಶಾಲೆಯಿಂದ ಹೆಸರು ತೆಗೆಯುತ್ತಾರೆ" ಎಂದು ಹೆದರಿಸಿದ್ದಾರೆ. ಇನ್ನೊಬ್ಬರು "ನಿನಗೆ ಎಲ್ಲ ಗೊತ್ತಿರುವುದೇ, ಓದು ಸಲೀಸು" ಎನ್ನುತ್ತಾರೆ. ವಿದ್ಯಾರ್ಥಿಗಳ ಎಫ್-1 ವೀಸಾಕ್ಕೆ ಬದಲಾಯಿಸಿಕೊಳ್ಳುವುದು ಒಳ್ಳೆಯದೆಂದೂ ಯಾರೋ ಹೇಳಿದರು. ಊರಿನಿಂದ ಅಮ್ಮ ಫೋನ್ ಮಾಡಿದಾಗಲೆಲ್ಲ "ಡಾಕ್ಟರ್ ಆಗಿದ್ದವಳು ಇನ್ನೆಷ್ಟು ದಿನ ಬೇರೆಯವರ ಕೈಕೆಳಗೆ ಹಲ್ಲು ತಿಕ್ಕುತ್ತೀಯ" ಎನ್ನುತ್ತಾರೆ. ಕೆಲಸ ಬಿಡಲೇ, ಇಟ್ಟುಕೊಳ್ಳಲೇ? ಕೊನೆಯದಾಗಿ, ಹೊಸ ಲೂಪ್ಸ್ (ಹಲ್ಲನ್ನು ದೊಡ್ಡದಾಗಿ ತೋರಿಸುವ ಕನ್ನಡಕ) ಈಗಲೇ ಕೊಳ್ಳಬಹುದೇ?

ಉತ್ತರ: ಕೆಲಸ ಇಟ್ಟುಕೊಳ್ಳಬಹುದು. ಆದರೆ ನಿಮ್ಮ ಡಾಕ್ಟರ್ ಕೇಳುತ್ತಿರುವಷ್ಟು ಬೇಡ, ಮೊದಲ ಸೆಮಿಸ್ಟರಿನಲ್ಲಂತೂ ಬೇಡವೇ ಬೇಡ. ನಾನು ಮಂಗಳೂರಿನಲ್ಲಿ ಬಿಡಿಎಸ್ ಓದಿ ಇದೇ ದಾರಿಯಲ್ಲಿ ಬಂದವಳು. ಈಗ ನನ್ನ ಪ್ರಾಕ್ಟೀಸಿನ ಜೊತೆಗೆ ವಾರದಲ್ಲಿ ಎರಡು ದಿನ ಒಂದು ಡೆಂಟಲ್ ಶಾಲೆಯ ಕ್ಲಿನಿಕ್ಕಿನಲ್ಲಿ ವಿದ್ಯಾರ್ಥಿಗಳ ಕೆಲಸ ನೋಡಿ ಸಹಿ ಹಾಕುತ್ತೇನೆ. ಹೈಜೀನಿಸ್ಟ್ ಆಗಿದ್ದು ಮತ್ತೆ ಓದಲು ಬಂದವರು ಪ್ರತಿ ಬ್ಯಾಚಿನಲ್ಲೂ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಅವರನ್ನು ನೋಡಿದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ.

ಅಮ್ಮನ ಮಾತನ್ನು ಮೊದಲು ಮುಗಿಸಿಬಿಡೋಣ, ಏಕೆಂದರೆ ನಿಮ್ಮ ಪತ್ರದಲ್ಲಿ ಅದೇ ಹೆಚ್ಚು ಚುಚ್ಚುತ್ತಿರುವಂತೆ ಕಾಣುತ್ತದೆ. ನಮ್ಮೂರಿನಲ್ಲಿ ಹೈಜೀನಿಸ್ಟ್ ಎಂಬ ಕೆಲಸ ಕಾಗದದ ಮೇಲೆ ಇದೆ. 1948ರ ದಂತವೈದ್ಯರ ಕಾಯಿದೆಯಲ್ಲೇ ಅವರ ನೋಂದಣಿಯ ಮಾತಿದೆ. ಆದರೆ ದಾವಣಗೆರೆಯಲ್ಲಿ ಹಲ್ಲಿನ ಕಿಟ್ಟ ತೆಗೆಯುವ ಸ್ಕೇಲಿಂಗ್ ಮಾಡಿದ್ದು ನೀವೇ, ಮಂಗಳೂರಿನಲ್ಲಿ ಮಾಡಿದ್ದು ನಾನೇ. ಅದಕ್ಕಾಗಿ ಬೇರೆ ಒಬ್ಬರಿರುತ್ತಾರೆ ಎಂದು ನಿಮ್ಮ ತಾಯಿ ಕಂಡೇ ಇಲ್ಲ. ಅಮೆರಿಕದಲ್ಲಿ ಇದು 1913ರಲ್ಲಿ ಕನೆಕ್ಟಿಕಟ್ ರಾಜ್ಯದ ಬ್ರಿಡ್ಜ್‌ಪೋರ್ಟ್ ಊರಿನಲ್ಲಿ ಆಲ್ಫ್ರೆಡ್ ಫೋನ್ಸ್ ಎಂಬ ದಂತವೈದ್ಯರು ಶಾಲೆ ತೆರೆದಾಗಿನಿಂದಲೂ ಬೇರೆಯೇ ವೃತ್ತಿ. ತನ್ನದೇ ರಾಷ್ಟ್ರೀಯ ಪರೀಕ್ಷೆ, ತನ್ನದೇ ಲೈಸೆನ್ಸ್, ತನ್ನದೇ ಹೊಣೆ. ಹೆಚ್ಚಿನ ರಾಜ್ಯಗಳಲ್ಲಿ ಮಾನ್ಯತೆ ಪಡೆದ ಕಾಲೇಜಿನಲ್ಲಿ ಓದದೆ ಅದು ಸಿಗುವುದಿಲ್ಲ. ಹೊರದೇಶದ ದಂತ ಪದವೀಧರರು ಹೈಜೀನ್ ಕಾಲೇಜಿಗೆ ಹೋಗದೆಯೂ ಪರೀಕ್ಷೆ ಬರೆದು ಆ ಲೈಸೆನ್ಸ್ ಪಡೆಯಲು ದಾರಿ ಬಿಟ್ಟಿರುವುದು ಫ್ಲಾರಿಡಾದ ಕಾನೂನು. ಆ ದಾರಿ ಹಿಡಿದು ಐದು ವರ್ಷ ಸಂಸಾರಕ್ಕೆ ಸಂಬಳ ತಂದಿದ್ದೀರಿ. ಅದನ್ನು ಅಮ್ಮನಿಗೆ ಫೋನಿನಲ್ಲಿ ಒಪ್ಪಿಸುವ ಗೋಜಿಗೆ ಹೋಗಬೇಡಿ. ಅವರು ಒಪ್ಪುವುದು ಡಿಗ್ರಿಯ ಫೋಟೋ ನೋಡಿದ ಮೇಲೆಯೇ.

ಈಗ ಗೆಳತಿಯರ ಮಾತು. "ಕೆಲಸ ಮಾಡಿದರೆ ಹೆಸರು ತೆಗೆಯುತ್ತಾರೆ" ಎಂಬುದು ಎಲ್ಲ ಕಡೆಗೂ ಅನ್ವಯಿಸುವ ನಿಯಮವಲ್ಲ. ಪ್ರತಿ ಶಾಲೆಯೂ ತನ್ನ ವಿದ್ಯಾರ್ಥಿ ಕೈಪಿಡಿಯಲ್ಲಿ ಈ ಬಗ್ಗೆ ಏನಾದರೂ ಬರೆದಿರುತ್ತದೆ. ಸಾಮಾನ್ಯವಾಗಿ ಅದು ನಿಷೇಧವಲ್ಲ, ಎಚ್ಚರಿಕೆಯ ಮಾತು: ಹೊರಗಿನ ಕೆಲಸ ಮಾಡದಿರುವುದು ಒಳ್ಳೆಯದು, ಮಾಡಿದರೆ ಹಾಜರಾತಿಗೂ ಕ್ಲಿನಿಕ್ಕಿಗೂ ಅದು ನೆಪವಾಗಬಾರದು ಎಂದು. ಕೆಲವು ಕಡೆ ಮುಂಚಿತವಾಗಿ ತಿಳಿಸಬೇಕು, ಅನುಮತಿ ಬೇಕು ಎಂದಿರಬಹುದು. ನಿಮ್ಮ ಶಾಲೆಯ ಕೈಪಿಡಿಯನ್ನು ನೀವೇ ಓದಿ, ಅರ್ಥವಾಗದ ಸಾಲನ್ನು ವಿದ್ಯಾರ್ಥಿ ವ್ಯವಹಾರಗಳ ಕಚೇರಿಗೆ ಇಮೇಲಿನಲ್ಲಿ ಕೇಳಿ, ಉತ್ತರವನ್ನು ಇಟ್ಟುಕೊಳ್ಳಿ. ಬಾಯಿಮಾತಿನ ಒಪ್ಪಿಗೆ ಎರಡನೆಯ ವರ್ಷ ಡೀನ್ ಬದಲಾದಾಗ ಉಪಯೋಗಕ್ಕೆ ಬರುವುದಿಲ್ಲ.

"ಎಲ್ಲ ಗೊತ್ತಿರುವುದೇ" ಎನ್ನುವ ಗೆಳತಿ ಇನ್ನೂ ಅಪಾಯಕಾರಿ. ಅರ್ಧ ನಿಜ ಹೇಳುತ್ತಿದ್ದಾರೆ, ಅದಕ್ಕೇ.

ನಿಮಗೆ ಸಲೀಸಾಗುವುದು ಯಾವುದು? ವಸಡಿನ ಚಿಕಿತ್ಸೆ, ಎಕ್ಸ್‌ರೇ ತೆಗೆಯುವುದು, ರೋಗಿಯೊಂದಿಗೆ ಮಾತು, ದಾಖಲೆ ಬರೆಯುವುದು, ಸೋಂಕು ತಡೆಯುವ ಕ್ರಮ. ಒಂದೊಂದು ಹಲ್ಲಿಗೆ ಆರು ಕಡೆ ವಸಡಿನ ಆಳ ಅಳೆಯುವ ಪ್ರೋಬ್ ಇಳಿಸಿ, ಇಪ್ಪತ್ತೆಂಟು ಹಲ್ಲಿಗೆ ನೂರ ಅರವತ್ತೆಂಟು ಅಳತೆಗಳನ್ನು ಕಣ್ಣುಮುಚ್ಚಿ ಬರೆಸುವ ನಿಮ್ಮಂಥವರ ಮುಂದೆ ಇಪ್ಪತ್ತಮೂರು ವರ್ಷದ ಸಹಪಾಠಿಗಳು ಬೆಪ್ಪಾಗುತ್ತಾರೆ. ಮೊದಲ ತಿಂಗಳು ನೀವೇ ಅವರಿಗೆ ಮೇಡಂ.

ಎರಡನೆಯ ತಿಂಗಳು ಫ್ಯಾಂಟಮ್ ಹೆಡ್ ಎಂಬ ಅಭ್ಯಾಸದ ಬೊಂಬೆತಲೆಯ ಮುಂದೆ ಕೂರಿಸುತ್ತಾರೆ. ಆ ದೃಶ್ಯ ನಾನು ಬೇಕಾದಷ್ಟು ಸಲ ನೋಡಿದ್ದೇನೆ. ಪ್ಲಾಸ್ಟಿಕ್ ಹಲ್ಲು, ಮೇಲ್ದವಡೆಯ ಬಲಗಡೆಯ ದವಡೆಹಲ್ಲು, ಅದಕ್ಕೆ ಕ್ರೌನ್, ಅಂದರೆ ಹಲ್ಲಿನ ಟೋಪಿ, ಕೂರುವಂತೆ ಸವೆಸಬೇಕು. ಕಚ್ಚುವ ಮೇಲ್ಮೈಯಿಂದ ಒಂದೂವರೆಯಿಂದ ಎರಡು ಮಿಲಿಮೀಟರ್ ತೆಗೆಯಬೇಕು, ಬದಿಗಳು ಕಚ್ಚುವ ಮೇಲ್ಮೈಯತ್ತ ಹೋದಂತೆ ಕಿಂಚಿತ್ತೇ ಒಳಬಾಗಬೇಕು, ಪಕ್ಕದ ಹಲ್ಲಿಗೆ ಕೊರೆಯುವ ಬರ್ ತಗುಲಲೇಬಾರದು. ಎಲ್ಲವನ್ನೂ ಕನ್ನಡಿಯಲ್ಲಿ ನೋಡಿಕೊಂಡೇ ಮಾಡಬೇಕು. ಹೈಜೀನಿಸ್ಟರ ಕೈಗೆ ಇಲ್ಲಿ ಒಂದು ವಿಚಿತ್ರ ತೊಂದರೆ. ಕ್ಯುರೆಟ್ ಹಿಡಿದು ಕಿಟ್ಟ ಕೀಳುವಾಗ ಬೆರಳೂರಿ, ಒತ್ತಿ, ಎಳೆಯಬೇಕು. ಐದು ವರ್ಷ ಹಾಗೆ ಮಾಡಿದ ಬೆರಳಿಗೆ ಒತ್ತುವುದೇ ಸ್ವಭಾವ. ಹಲ್ಲು ಕೊರೆಯುವ ಹೈಸ್ಪೀಡ್ ಹ್ಯಾಂಡ್‌ಪೀಸ್ ಒತ್ತಡವನ್ನು ಸಹಿಸುವುದಿಲ್ಲ. ಅದು ತಾನೇ ಕತ್ತರಿಸುತ್ತದೆ, ನೀವು ಸವರಬೇಕು ಅಷ್ಟೇ. ಪ್ಲಾಸ್ಟಿಕ್ ಹಲ್ಲು ನಿಜವಾದ ಎನಾಮಲ್‌ಗಿಂತ ಮೆತ್ತಗೆ ಬೇರೆ. ಅರೆಕ್ಷಣ ಒತ್ತಿದರೆ ಹಿಂಬದಿಯ ಅಂಚಿನಲ್ಲಿ ಹಳ್ಳ ಬಿದ್ದಿರುತ್ತದೆ, ಅದನ್ನು ಮುಚ್ಚಲು ಸುತ್ತಲೂ ಇನ್ನಷ್ಟು ಕೊರೆಯುತ್ತಾರೆ, ಕೊನೆಗೆ ಕ್ರೌನ್ ನಿಲ್ಲಲು ಹಲ್ಲೇ ಉಳಿದಿರುವುದಿಲ್ಲ. ಶನಿವಾರ ಎಂಟು ಜನರ ಬಾಯಿ ಶುಚಿ ಮಾಡಿ ಸೋಮವಾರ ಬೆಳಿಗ್ಗೆ ಲ್ಯಾಬಿನಲ್ಲಿ ಕುಳಿತವರ ಕೈ ಬೇಗ ಗೊತ್ತಾಗಿಬಿಡುತ್ತದೆ. ಹೆಬ್ಬೆರಳಿನ ಬುಡವನ್ನು ಇನ್ನೊಂದು ಕೈಯಿಂದ ತೀಡಿಕೊಳ್ಳುತ್ತಲೇ ಇರುತ್ತಾರೆ.

ನೀವು ಊರಿನಲ್ಲಿ ಕ್ರೌನ್ ಮಾಡಿದ್ದೀರಿ, ರೂಟ್ ಕೆನಾಲ್ ಮಾಡಿದ್ದೀರಿ, ಅದು ಮರೆತುಹೋಗಿಲ್ಲ. ಆದರೆ ಆ ಕೈ ಐದು ವರ್ಷದಿಂದ ಮಲಗಿದೆ. ಅದನ್ನು ಎಬ್ಬಿಸಲು ಮೊದಲ ನಾಲ್ಕೈದು ತಿಂಗಳು ಬೇಕು. ಆ ಹೊತ್ತಿನಲ್ಲಿ ವಾರಕ್ಕೊಂದು ದಿನ ಹಳೆಯ ಒತ್ತುವ ಅಭ್ಯಾಸಕ್ಕೆ ಮರಳುವುದು ಕೈಗೂ ಒಳ್ಳೆಯದಲ್ಲ, ಕುತ್ತಿಗೆಗೂ ಒಳ್ಳೆಯದಲ್ಲ. ಹೈಜೀನಿಸ್ಟರಲ್ಲಿ ಕುತ್ತಿಗೆ, ಭುಜ, ಮಣಿಕಟ್ಟಿನ ನೋವು ಎಷ್ಟು ಸಾಮಾನ್ಯ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ರಾತ್ರಿ ಬೆರಳು ಜುಮ್ಮೆನ್ನುವುದು ಈಗಲೇ ಇದ್ದರೆ ಶಾಲೆ ಶುರುವಾಗುವ ಮೊದಲೇ ವೈದ್ಯರಿಗೆ ತೋರಿಸಿ.

ಇನ್ನೊಂದು ಅಭ್ಯಾಸವಿದೆ, ಅದರ ಬಗ್ಗೆ ಯಾರೂ ಎಚ್ಚರಿಸುವುದಿಲ್ಲ. ಹೈಜೀನಿಸ್ಟ್ ಹಲ್ಲಿನ ನಡುವೆ ಕಪ್ಪು ನೆರಳು ಕಂಡರೂ ಹುಳುಕು ಎಂದು ಹೇಳುವಂತಿಲ್ಲ. "ಡಾಕ್ಟರ್ ಬಂದು ನೋಡುತ್ತಾರೆ" ಎಂದು ಹೇಳಿ ಮುಂದಕ್ಕೆ ಹೋಗಬೇಕು. ಅದು ಕಾನೂನು, ಅದು ಸರಿಯೇ. ಆದರೆ ಶಾಲೆಯ ಕ್ಲಿನಿಕ್ಕಿನಲ್ಲಿ ನಾನು ಬಂದು ಮೊದಲು ಕೇಳುವ ಪ್ರಶ್ನೆಯೇ "ನಿಮ್ಮ ರೋಗನಿರ್ಣಯವೇನು?" ಎಂದು. ಹೈಜೀನಿಸ್ಟ್ ಆಗಿದ್ದವರು ಎಕ್ಸ್‌ರೇಯಲ್ಲಿ ಎಲ್ಲವನ್ನೂ ಕಂಡಿರುತ್ತಾರೆ, ಕೆಲವೊಮ್ಮೆ ನನಗಿಂತ ಮೊದಲೇ. ಬಾಯಿಬಿಟ್ಟು ಹೇಳಲು ಹಿಂಜರಿಯುತ್ತಾರೆ. ನನ್ನ ಮುಖ ನೋಡುತ್ತಾರೆ, ನಾನು ಹೇಳಲಿ ಎಂದು ಕಾಯುತ್ತಾರೆ. ಸೋಮವಾರದಿಂದ ಶುಕ್ರವಾರದವರೆಗೆ ನಿರ್ಣಯ ಹೇಳಿ, ಶನಿವಾರ ಮತ್ತೆ ಬಾಯಿ ಮುಚ್ಚಿಕೊಳ್ಳುವುದು ಹೊರಗಿನಿಂದ ಕಾಣುವಷ್ಟು ಸುಲಭವಲ್ಲ. ಮತ್ತು ಶನಿವಾರ ನೀವು ಬಾಯಿ ಮುಚ್ಚಿಕೊಳ್ಳಲೇಬೇಕು. ಅರ್ಧ ಓದಿದವರಿಗೆ ಅರ್ಧ ಡಾಕ್ಟರ್ ಎಂಬ ಲೈಸೆನ್ಸ್ ಇಲ್ಲ. ಆ ಕ್ಲಿನಿಕ್ಕಿನಲ್ಲಿ ನೀವು ಹೈಜೀನಿಸ್ಟ್, ಅಷ್ಟೇ. ಡಾಕ್ಟರಿಗೆ ಕೆಲಸ ಹೆಚ್ಚಾಗಿ "ಹೇಗೂ ಕಲಿಯುತ್ತಿದ್ದೀರಲ್ಲ, ಆ ಸಣ್ಣ ಫಿಲ್ಲಿಂಗ್ ಮುಗಿಸಿಬಿಡಿ" ಎಂದು ಪ್ರೀತಿಯಿಂದಲೇ ಹೇಳಬಹುದು. ಲೈಸೆನ್ಸ್ ಇಲ್ಲದೆ ದಂತವೈದ್ಯ ವೃತ್ತಿ ಮಾಡುವುದು ಅಪರಾಧ. ಹೋಗುವುದು ನಿಮ್ಮ ಹೈಜೀನ್ ಲೈಸೆನ್ಸ್ ಮಾತ್ರವಲ್ಲ, ನಾಳೆ ಸಿಗಬೇಕಾದ ದಂತವೈದ್ಯ ಲೈಸೆನ್ಸಿನ ಅರ್ಜಿಯಲ್ಲೂ ಅದಕ್ಕೆ ಉತ್ತರ ಬರೆಯಬೇಕು. ಶಾಲೆಯ ವಿಮೆ ಶಾಲೆಯ ಕ್ಲಿನಿಕ್ಕಿನ ಹೊಸ್ತಿಲು ದಾಟಿ ಬರುವುದಿಲ್ಲ, ಹೈಜೀನಿಸ್ಟಿನ ವಿಮೆ ಫಿಲ್ಲಿಂಗಿಗೆ ಬರುವುದಿಲ್ಲ.

ಹಣದ ಮಾತಿಗೆ ಬರುತ್ತೇನೆ. ಪತ್ರದುದ್ದಕ್ಕೂ ನೀವು ಕೇಳಬೇಕೆಂದಿದ್ದು ಇದನ್ನೇ ಎಂದು ನನ್ನ ಅನುಮಾನ. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ 2023ರ ಲೆಕ್ಕದಲ್ಲಿ ಹೈಜೀನಿಸ್ಟರ ಮಧ್ಯಮ ವಾರ್ಷಿಕ ವೇತನ 87,530 ಡಾಲರ್, ಅಂದರೆ ಗಂಟೆಗೆ ಸುಮಾರು 42 ಡಾಲರ್. ನಿಮ್ಮ ಸಂಬಳ ಸ್ವಲ್ಪ ಹೆಚ್ಚುಕಡಿಮೆ ಇರಬಹುದು, ಲೆಕ್ಕಕ್ಕೆ ಇದೇ ಇರಲಿ. ಎಂಟು ಗಂಟೆಯ ಒಂದು ಶನಿವಾರಕ್ಕೆ 336 ಡಾಲರ್. ವರ್ಷಕ್ಕೆ ನಲವತ್ತೆಂಟು ಶನಿವಾರ ಬಿಡದೆ ದುಡಿದರೆ ಹದಿನಾರು ಸಾವಿರ, ಎರಡೂವರೆ ವರ್ಷಕ್ಕೆ ನಲವತ್ತು ಸಾವಿರ, ಅದೂ ತೆರಿಗೆಗೆ ಮೊದಲು. ಶುಲ್ಕ ಎರಡು ಲಕ್ಷ. ಒಂದೂವರೆ ಲಕ್ಷ ಸಾಲವನ್ನು ಶೇಕಡಾ ಹತ್ತರ ಬಡ್ಡಿಗೆ ತಂದರೆ ಬಡ್ಡಿಯೇ ವರ್ಷಕ್ಕೆ ಹದಿನೈದು ಸಾವಿರ. ಎಲ್ಲ ಶನಿವಾರಗಳೂ ಸೇರಿ ಬಡ್ಡಿಗೆ ಸರಿಹೋಗುತ್ತವೆ. "ಕೆಲಸ ಮಾಡಿಕೊಂಡೇ ಶುಲ್ಕ ಕಟ್ಟುತ್ತೇನೆ" ಎಂಬ ಲೆಕ್ಕ ಇದ್ದರೆ ಈಗಲೇ ಬಿಟ್ಟುಬಿಡಿ.

ಈಗ ಇನ್ನೊಂದು ಬದಿಯ ಲೆಕ್ಕ. ಒಂದು ಸೆಮಿಸ್ಟರ್ ತಡವಾಗಿ ಪದವಿ ಮುಗಿದರೆ ಏನಾಗುತ್ತದೆ? ಎರಡು ಲಕ್ಷವನ್ನು ಐದು ಸೆಮಿಸ್ಟರಿಗೆ ಹಂಚಿದರೆ ಒಂದಕ್ಕೆ ನಲವತ್ತು ಸಾವಿರ, ಅದನ್ನು ಮತ್ತೆ ಕಟ್ಟಬೇಕಾಗಬಹುದು. ದಂತವೈದ್ಯರ ಮಧ್ಯಮ ವೇತನ ಅದೇ 2023ರ ಲೆಕ್ಕದಲ್ಲಿ 170,910 ಡಾಲರ್. ಹೊಸಬರಿಗೆ ಕಡಿಮೆ ಎಂದು ಹಿಡಿದರೂ ಆರು ತಿಂಗಳಿಗೆ ಅರವತ್ತು ಸಾವಿರ ಕೈತಪ್ಪುತ್ತದೆ. ಒಟ್ಟು ಒಂದು ಲಕ್ಷ. ಎರಡೂವರೆ ವರ್ಷದ ಎಲ್ಲ ಶನಿವಾರಗಳ ದುಡಿಮೆಯ ಎರಡೂವರೆ ಪಟ್ಟು. ಆದ್ದರಿಂದ ನೀವು ಕಾಪಾಡಿಕೊಳ್ಳಬೇಕಾದದ್ದು ಪದವಿ ಮುಗಿಯುವ ತಾರೀಖನ್ನು. ಶನಿವಾರದ ಕೆಲಸ ಆ ತಾರೀಖಿಗೆ ಕೈ ಹಚ್ಚದಿದ್ದರೆ ಮಾಡಿ, ಹಚ್ಚಿದರೆ ಬಿಡಿ.

ತಾರೀಖು ತಪ್ಪುವುದು ಹೇಗೆ? ಪರೀಕ್ಷೆಯಲ್ಲಿ ನಪಾಸಾಗಿ ಅಲ್ಲ. ಐಎನ್‌ಬಿಡಿಇ ಎಂಬ ರಾಷ್ಟ್ರೀಯ ದಂತವೈದ್ಯ ಪರೀಕ್ಷೆಯ ಐನೂರು ಪ್ರಶ್ನೆಗಳನ್ನು ದಾಟಿ ಬಂದ ನಮ್ಮ ಹುಡುಗಿಯರು ಬರವಣಿಗೆಯ ಪರೀಕ್ಷೆಯಲ್ಲಿ ಬೀಳುವುದು ಅಪರೂಪ. ತಪ್ಪುವುದು ಕೋಟಾದಿಂದ, ಅಂದರೆ ಪದವಿಗೆ ಮಾಡಿ ಮುಗಿಸಲೇಬೇಕಾದ ಚಿಕಿತ್ಸೆಗಳ ಲೆಕ್ಕದಿಂದ. ಊರಿನ ಕಾಲೇಜಿನಲ್ಲಿ ಕೋಟಾ ಮುಗಿಸಲು ಕಟ್ಟುಹಲ್ಲಿನ ಅಜ್ಜನನ್ನು ಬಸ್ ಸ್ಟ್ಯಾಂಡಿನಿಂದ ಕರೆತಂದ ಕಥೆಗಳು ನಿಮ್ಮಲ್ಲೂ ಇರುತ್ತವೆ. ಇಲ್ಲೂ ಕಥೆ ಬೇರೆಯಲ್ಲ. ಇಷ್ಟು ಕ್ರೌನ್, ಇಷ್ಟು ಪೂರ್ತಿ ಕಟ್ಟುಹಲ್ಲು, ಇಷ್ಟು ರೂಟ್ ಕೆನಾಲ್, ಜೊತೆಗೆ ಒಂದೊಂದಕ್ಕೂ ಸಾಮರ್ಥ್ಯ ಪರೀಕ್ಷೆ. ಕಟ್ಟುಹಲ್ಲಿನ ರೋಗಿ ಐದಾರು ಸಲ ಬರಬೇಕು, ನಾಲ್ಕನೆಯ ಸಲಕ್ಕೆ ಮಗಳ ಮನೆಗೆಂದು ಬೇರೆ ಊರಿಗೆ ಹೋಗಿಬಿಡುತ್ತಾರೆ. ಪೇಷೆಂಟುಗಳಿಗೆ ಫೋನ್ ಮಾಡುವುದು, ಬದಲಿ ಹುಡುಕುವುದು, ಲ್ಯಾಬಿಗೆ ಮೇಣ ಕಳಿಸುವುದು, ಚಿಕಿತ್ಸಾ ಯೋಜನೆ ಬರೆಯುವುದು, ಇವೆಲ್ಲ ನಡೆಯುವುದು ಸಂಜೆ ಮತ್ತು ಶನಿವಾರ. ವೇಳಾಪಟ್ಟಿಯಲ್ಲಿ ಶುಕ್ರವಾರ ಮಧ್ಯಾಹ್ನ ಖಾಲಿ ಎಂದು ಕಂಡರೆ ನಂಬಬೇಡಿ. ಬಿಟ್ಟುಹೋದ ಅಪಾಯಿಂಟ್‌ಮೆಂಟುಗಳೆಲ್ಲ ಬಂದು ಕೂರುವ ಜಾಗ ಅದೇ. ನಿಮ್ಮ ಡಾಕ್ಟರಿಗೆ ಶುಕ್ರವಾರ ಕೊಡಲು ಸಾಧ್ಯವೇ ಇಲ್ಲ ಎಂದು ಇವತ್ತೇ ಹೇಳಿ.

ಇಲ್ಲಿ ಒಂದು ಆಸೆ ಹುಟ್ಟುತ್ತದೆ. ಶನಿವಾರದ ಕ್ಲಿನಿಕ್ಕಿನಲ್ಲಿ ಕ್ರೌನ್ ಬೇಕಾದವರು ಬರುತ್ತಾರೆ, ಬೆಲೆ ಕೇಳಿ ಮುಖ ಸಪ್ಪೆ ಮಾಡುತ್ತಾರೆ. ಶಾಲೆಯಲ್ಲಿ ಅದೇ ಕ್ರೌನ್ ಅಗ್ಗ, ನಿಮಗೆ ಕೋಟಾ ಬೇಕು. "ನಮ್ಮ ಶಾಲೆಗೆ ಬನ್ನಿ" ಎಂದು ಪಿಸುಗುಟ್ಟಲು ಎಷ್ಟು ಹೊತ್ತು? ಮಾಡಬೇಡಿ. ಆ ರೋಗಿ ಸಂಬಳ ಕೊಡುವ ಡಾಕ್ಟರಿನವರು. ಅವರ ಎಕ್ಸ್‌ರೇ, ಫೋನ್ ನಂಬರ್ ಯಾವುದನ್ನೂ ಹೊರಗೆ ಒಯ್ಯುವುದು ರೋಗಿಯ ಖಾಸಗಿತನದ ಹಿಪಾ ಕಾನೂನಿಗೇ ವಿರುದ್ಧ. ಆದರೆ ಡಾಕ್ಟರ್ ಹತ್ತಿರ ಮುಚ್ಚುಮರೆಯಿಲ್ಲದೆ ಮಾತಾಡಬಹುದು: "ಹಣವಿಲ್ಲದೆ ಚಿಕಿತ್ಸೆ ಬಿಟ್ಟುಹೋಗುವವರನ್ನು ನೀವೇ ಶಾಲೆಗೆ ಕಳುಹಿಸುತ್ತೀರಾ?" ಎಂದು. ಬಹಳ ಡಾಕ್ಟರುಗಳು ಖುಷಿಯಿಂದ ಕಳಿಸುತ್ತಾರೆ. ಹೇಗೂ ಅವರ ಕುರ್ಚಿಗೆ ಬರುವವರಲ್ಲ ಆ ರೋಗಿಗಳು.

ಇನ್ನು ವೀಸಾ. ಎಚ್-4ರಲ್ಲೇ ಪೂರ್ಣಾವಧಿ ಓದಬಹುದು, ಅದಕ್ಕಾಗಿ ಎಫ್-1 ಬೇಕಿಲ್ಲ. ಎಚ್-1ಬಿ ನೌಕರರ ಸಂಗಾತಿಗಳಲ್ಲಿ ಕೆಲವರಿಗೆ, ಮುಖ್ಯವಾಗಿ ಗ್ರೀನ್ ಕಾರ್ಡಿನ ಐ-140 ಅರ್ಜಿ ಮಂಜೂರಾದವರ ಸಂಗಾತಿಗಳಿಗೆ, ಕೆಲಸದ ಕಾರ್ಡ್ ಸಿಗತೊಡಗಿದ್ದು 2015ರ ಮೇ ತಿಂಗಳಿಂದ. ಆ ಕಾರ್ಡ್ ಇರುವಷ್ಟು ದಿನ ನೀವು ಎಲ್ಲಿ ಬೇಕಾದರೂ, ಎಷ್ಟು ಗಂಟೆ ಬೇಕಾದರೂ ದುಡಿಯಬಹುದು. ಎಫ್-1ಕ್ಕೆ ಬದಲಾದ ಕ್ಷಣದಲ್ಲಿ ಇದು ಮುಗಿಯುತ್ತದೆ. ಆ ವೀಸಾದಲ್ಲಿ ಓದುವಾಗ ಶಾಲೆಯ ಆವರಣದೊಳಗೆ ವಾರಕ್ಕೆ ಇಪ್ಪತ್ತು ಗಂಟೆ ಮಾತ್ರ. ಹೊರಗಿನ ಖಾಸಗಿ ಕ್ಲಿನಿಕ್ಕಿನಲ್ಲಿ ಹೈಜೀನಿಸ್ಟ್ ಕೆಲಸ ಮಾಡಿದರೆ ವೀಸಾವೇ ಹೋಗುತ್ತದೆ. ಎಫ್-1 ಒಳ್ಳೆಯದು ಎಂದು ಹೇಳಿದವರಿಗೆ ನಿಮ್ಮ ಪರಿಸ್ಥಿತಿ ಗೊತ್ತಿರಲಿಲ್ಲ ಎಂದು ಕಾಣುತ್ತದೆ. ಕೆಲಸದ ಕಾರ್ಡ್ ಇಲ್ಲದ ಎಚ್-4ನವರಿಗೆ ಅದು ಒಳ್ಳೆಯ ದಾರಿ ನಿಜ. ಪದವಿಯ ನಂತರ ಹನ್ನೆರಡು ತಿಂಗಳ ಒಪಿಟಿ ಎಂಬ ಕೆಲಸದ ಅನುಮತಿ ಸಿಗುತ್ತದೆ. ನಿಮಗೆ ಈಗ ಅದರಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು.

ಆದರೆ ಎರಡು ಕಡೆ ಹುಷಾರಾಗಿರಿ. ಒಂದು, ಕಾರ್ಡಿನ ಮುಕ್ತಾಯದ ದಿನಾಂಕ. ಮೊದಲು ನವೀಕರಣಕ್ಕೆ ಅರ್ಜಿ ಹಾಕಿದರೆ ಹಳೆಯ ಕಾರ್ಡ್ ತಾನಾಗಿಯೇ 540 ದಿನ ಮುಂದುವರಿಯುತ್ತಿತ್ತು. 2025ರ ಅಕ್ಟೋಬರ್ 30ರಿಂದ ಈಚೆಗೆ ಹಾಕಿದ ನವೀಕರಣದ ಅರ್ಜಿಗಳಿಗೆ ಆ ಸೌಲಭ್ಯ ತೆಗೆದಿದ್ದಾರೆ. ಹೊಸ ಕಾರ್ಡ್ ಕೈಗೆ ಬರುವ ಮೊದಲು ಹಳೆಯದು ಮುಗಿದರೆ ಮರುದಿನದಿಂದ ಕೆಲಸಕ್ಕೆ ಹೋಗುವಂತಿಲ್ಲ, ಒಂದೇ ಶನಿವಾರವೂ ಸಹ. ಮುಗಿಯುವ 180 ದಿನ ಮೊದಲೇ ಅರ್ಜಿ ಹಾಕಲು ಅವಕಾಶವಿದೆ, ಆ ಮೊದಲ ದಿನವೇ ಹಾಕಿ. ಎರಡನೆಯದು, ಎಚ್-4 ನಿಂತಿರುವುದು ನಿಮ್ಮ ಯಜಮಾನರ ನೌಕರಿಯ ಮೇಲೆ. ಅವರ ಕೆಲಸ ಹೋದರೆ ಹೆಚ್ಚೆಂದರೆ 60 ದಿನದ ಗಡುವು. ಆಗ ಎಫ್-1 ನಿಮ್ಮ ಆಸರೆಯಾಗಬಹುದು, ಹಾಗಾಗಿ ಅಗತ್ಯ ಬಿದ್ದರೆ ಎಷ್ಟು ದಿನದಲ್ಲಿ ಐ-20 (ಎಫ್-1ಕ್ಕೆ ಶಾಲೆ ಕೊಡಬೇಕಾದ ಪತ್ರ) ಕೊಡುತ್ತೀರಿ ಎಂದು ಶಾಲೆಯ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯನ್ನು ಸೇರುವಾಗಲೇ ಕೇಳಿಟ್ಟುಕೊಳ್ಳಿ. ಎರಡನ್ನೂ ಒಬ್ಬ ವಲಸೆ ವಕೀಲರ ಎದುರು ಒಂದು ಗಂಟೆ ಕುಳಿತು ಖಚಿತಪಡಿಸಿಕೊಳ್ಳಿ. ನಾನು ಹಲ್ಲಿನ ಡಾಕ್ಟರ್, ವೀಸಾದ ಡಾಕ್ಟರಲ್ಲ.

ಸಾಲದ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಎಚ್-4ನವರಿಗೆ ಇಲ್ಲಿನ ಕೇಂದ್ರ ಸರ್ಕಾರದ ವಿದ್ಯಾರ್ಥಿ ಸಾಲ ಸಿಗುವುದಿಲ್ಲ, ಖಾಸಗಿ ಬ್ಯಾಂಕಿನದ್ದೇ ಗತಿ. ಅದಕ್ಕೆ ಸಾಮಾನ್ಯವಾಗಿ ಪೌರತ್ವ ಅಥವಾ ಗ್ರೀನ್ ಕಾರ್ಡ್ ಇರುವವರ ಜಾಮೀನು ಬೇಕು. ಜಾಮೀನು ಹಾಕುವ ನೆಂಟರಿದ್ದರೆ ಅವರ ಹತ್ತಿರ ಇವತ್ತೇ ಮಾತಾಡಿ. ಶನಿವಾರದ ಕೆಲಸಕ್ಕಿಂತ ಆ ಒಂದು ಸಹಿ ನಿಮ್ಮ ಬಡ್ಡಿಯನ್ನು ಹೆಚ್ಚು ಇಳಿಸುತ್ತದೆ.

ಹಾಗಾದರೆ ಏನು ಮಾಡಬಹುದು? ಪೂರ್ತಿ ಬಿಡುವುದು ಒಂದು ದಾರಿ. ಓದಿಗೆ ಅದೇ ಕ್ಷೇಮ. ಯಜಮಾನರ ಸಂಬಳದಲ್ಲಿ ಬಾಡಿಗೆ, ದಿನಸಿ, ಮಗಳ ಖರ್ಚು ನಡೆಯುವುದಾದರೆ ಯೋಚಿಸಬೇಕಾದದ್ದೇ ಇಲ್ಲ. ಬಿಟ್ಟರೂ ಲೈಸೆನ್ಸ್ ಮಾತ್ರ ಸಾಯಲು ಬಿಡಬೇಡಿ, ಎರಡು ವರ್ಷಕ್ಕೊಮ್ಮೆ ನವೀಕರಿಸಿ. ಪದವಿ ಮುಗಿದು ದಂತವೈದ್ಯ ಲೈಸೆನ್ಸ್ ಬರುವವರೆಗಿನ ಖಾಲಿ ತಿಂಗಳುಗಳಲ್ಲಿ ಕೈಗೆ ಸಂಬಳ ಬರುವುದು ಅದರಿಂದಲೇ.

ರಜೆಗಳಲ್ಲಿ ಮಾತ್ರ ದುಡಿಯುವುದು ಇನ್ನೊಂದು. ಡಿಸೆಂಬರಿನಲ್ಲಿ ಎರಡು ವಾರ, ಬೇಸಿಗೆಯಲ್ಲಿ ಕೆಲವು ವಾರ. ಕೇಳಲು ಚೆನ್ನಾಗಿದೆ, ಆದರೆ ಅಡ್ವಾನ್ಸ್ಡ್ ಸ್ಟ್ಯಾಂಡಿಂಗ್ ಕೋರ್ಸುಗಳಲ್ಲಿ ರಜೆ ಚಿಕ್ಕದು. ಮಗಳೂ ಅದೇ ರಜೆಗೆ ಕಾಯುತ್ತಿರುತ್ತಾಳೆ. ಅವಳ ಲೆಕ್ಕವನ್ನೂ ಹಾಕಿಕೊಳ್ಳಿ.

ನಾನು ಹೆಚ್ಚು ಒಪ್ಪುವುದು ಹೀಗೆ: ಶಾಲೆ ಶುರುವಾಗುವ ಎರಡು ವಾರ ಮೊದಲು ಕೆಲಸ ನಿಲ್ಲಿಸಿ. ಮೊದಲ ಸೆಮಿಸ್ಟರ್ ಪೂರ್ತಿ ಬಿಡುವು. ಫ್ಯಾಂಟಮ್ ಹೆಡ್ಡಿನ ಪರೀಕ್ಷೆಗಳು ಪಾಸಾದ ಮೇಲೆ ತಿಂಗಳಿಗೆ ಎರಡು ಶನಿವಾರ, ಅಷ್ಟೇ. ವರ್ಷಕ್ಕೆ ಎಂಟು ಸಾವಿರ ಬರುತ್ತದೆ, ದಿನಸಿಗೆ ಸಾಕು. ಮಧ್ಯಾವಧಿ ಪರೀಕ್ಷೆಯ ವಾರಗಳಲ್ಲಿ ಇಲ್ಲ ಎನ್ನುವ ಸ್ವಾತಂತ್ರ್ಯ ನಿಮಗಿರಬೇಕು. ಕೊನೆಯ ಆರು ತಿಂಗಳು ಮತ್ತೆ ಪೂರ್ತಿ ನಿಲ್ಲಿಸಿ, ಏಕೆಂದರೆ ಉಳಿದ ಕೋಟಾ, ಲೈಸೆನ್ಸಿನ ಪ್ರಾಯೋಗಿಕ ಪರೀಕ್ಷೆ, ಕೆಲಸ ಹುಡುಕುವುದು ಎಲ್ಲ ಒಟ್ಟಿಗೆ ಬಂದು ಬೀಳುತ್ತವೆ. ನಡುವೆ ಯಾವಾಗಲಾದರೂ ಕೋಟಾದ ಪಟ್ಟಿಯಲ್ಲಿ ಬ್ಯಾಚಿನ ಸರಾಸರಿಗಿಂತ ಹಿಂದೆ ಬಿದ್ದಿರೆಂದು ಗೊತ್ತಾದರೆ ಮರುವಾರವೇ ರಜೆ ಹೇಳಿ. ಹಿಂದೆ ಬಿದ್ದವರು ತಾನಾಗಿಯೇ ಮುಂದೆ ಬಂದದ್ದನ್ನು ನಾನು ಕಂಡಿಲ್ಲ.

ಈ ವ್ಯವಸ್ಥೆಯಲ್ಲಿ ಒಂದು ತೊಡಕಿದೆ. ಅಪರೂಪಕ್ಕೆ ಬರುವವರನ್ನು ಕೆಲವು ಕ್ಲಿನಿಕ್ಕುಗಳು ಸ್ವತಂತ್ರ ಗುತ್ತಿಗೆದಾರರೆಂದು ತೋರಿಸಿ 1099 ಫಾರ್ಮ್ ಕೊಟ್ಟುಬಿಡುತ್ತವೆ. ಆಗ ಸೋಷಿಯಲ್ ಸೆಕ್ಯುರಿಟಿ, ಮೆಡಿಕೇರ್ ತೆರಿಗೆಯಲ್ಲಿ ಮಾಲೀಕರ ಪಾಲೂ ನಿಮ್ಮ ತಲೆಗೇ ಬರುತ್ತದೆ: ಶೇಕಡಾ 7.65 ಇದ್ದದ್ದು 15.3 ಆಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಬೆರಳಿಗೆ ಸೂಜಿ ಚುಚ್ಚಿಕೊಂಡರೆ ರಕ್ತಪರೀಕ್ಷೆ, ಔಷಧಿಯ ಖರ್ಚು ಭರಿಸುವ ಕಾರ್ಮಿಕ ಪರಿಹಾರ ವಿಮೆ ಗುತ್ತಿಗೆದಾರರಿಗೆ ಸಾಮಾನ್ಯವಾಗಿ ಸಿಗುವುದಿಲ್ಲ. ಮಾಲೀಕರು ಹೇಳಿದ ಹೊತ್ತಿಗೆ, ಅವರ ಕುರ್ಚಿಯಲ್ಲಿ, ಅವರ ರೋಗಿಗೆ, ಅವರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುವವರು ನೌಕರರೇ. ಸಂಬಳದ ಡಬ್ಲ್ಯು-2 ಫಾರ್ಮ್ ಪಡೆಯುವ ನೌಕರಳಾಗಿಯೇ ಮುಂದುವರಿಸಿ ಎಂದು ಕೇಳಿ. ಐದು ವರ್ಷ ಜೊತೆಗಿದ್ದವರು ಇಲ್ಲವೆನ್ನಲಾರರು. ಇಲ್ಲ ಎಂದರೆ ಅದೂ ಒಂದು ಉತ್ತರವೇ.

ಶಾಲೆಯೊಳಗೇ ಕೆಲಸ ಹುಡುಕುವುದನ್ನೂ ಮರೆಯಬೇಡಿ. ಎಕ್ಸ್‌ರೇ ಲ್ಯಾಬಿನಲ್ಲಿ ಸಹಾಯ, ವಸಡಿನ ವಿಷಯದಲ್ಲಿ ಕಿರಿಯರಿಗೆ ಪಾಠ ಹೇಳುವುದು, ಇಂಥವು ಕೆಲವು ಕಡೆ ಇರುತ್ತವೆ. ಸಂಬಳ ಹೈಜೀನಿಸ್ಟಿನ ಅರ್ಧವೂ ಇರುವುದಿಲ್ಲ. ಆದರೆ ಕೆಲಸಕ್ಕೆಂದು ಬೇರೆ ಪ್ರಯಾಣವಿಲ್ಲ, ಕೈಗೆ ಒತ್ತಡವಿಲ್ಲ, ಕೋಟಾ ಸಹಿ ಹಾಕುವ ಅಧ್ಯಾಪಕರು ನಿಮ್ಮ ಮುಖ ಗುರುತಿಡುತ್ತಾರೆ.

"ಇಷ್ಟೆಲ್ಲ ಏಕೆ, ಹೈಜೀನಿಸ್ಟ್ ಆಗಿಯೇ ಇದ್ದುಬಿಡಲೇ" ಎಂದು ನೀವು ಕೇಳಿಲ್ಲ. ಆದರೆ ಶುಲ್ಕದ ಮೊತ್ತ ಬರೆದ ಸಾಲಿನಲ್ಲಿ ಅದರ ನೆರಳಿದೆ. ಹಾಗೆ ಇದ್ದು ನೆಮ್ಮದಿಯಾಗಿರುವವರು ನನಗೆ ಗೊತ್ತು, ಅವರ ಆಯ್ಕೆಯಲ್ಲಿ ಕೊರತೆಯೇನೂ ಇಲ್ಲ. ನೀವು ಐಎನ್‌ಬಿಡಿಇ ಬರೆದು, ಅರ್ಜಿಗಳನ್ನು ಹಾಕಿ, ಸಂದರ್ಶನಗಳಿಗೆ ಹೋಗಿ ಸೀಟು ತಂದಿದ್ದೀರಿ. ಎರಡು ಸಂಬಳಗಳ ನಡುವಿನ ಅಂತರ ವರ್ಷಕ್ಕೆ ಎಂಬತ್ತು ಸಾವಿರದಷ್ಟಿರುವಾಗ ಎರಡು ಲಕ್ಷದ ಸಾಲ ತೀರದ ಸಾಲವಲ್ಲ. ಯಾವ ಊರಿನಲ್ಲಿ ಕೆಲಸ ಹಿಡಿಯುತ್ತೀರಿ ಎಂಬುದರ ಮೇಲೆ ವರ್ಷಗಳು ಹೆಚ್ಚುಕಡಿಮೆಯಾಗುತ್ತವೆ, ಅಷ್ಟೇ.

ಲೂಪ್ಸ್ ಈಗ ಕೊಳ್ಳಬೇಡಿ. ನಿಮ್ಮ ಹತ್ತಿರ ಈಗಿರುವುದು ಬಹುಶಃ ಎರಡೂವರೆ ಪಟ್ಟು ದೊಡ್ಡದಾಗಿ ತೋರಿಸುವುದು. ಸ್ಕೇಲಿಂಗಿಗೆ ಅದು ಸಾಕು, ಕ್ರೌನಿನ ಅಂಚು ನೋಡಲು ಮೂರೂವರೆ ಪಟ್ಟಿನದು ಬೇಕೆನಿಸುತ್ತದೆ. ಆದರೆ ಸೇರಿದ ಹೊಸದರಲ್ಲಿ ಲೂಪ್ಸ್ ಕಂಪನಿಗಳವರು ಶಾಲೆಗೇ ಬಂದು ಮೇಜು ಹಾಕಿಕೊಂಡು ಕೂರುತ್ತಾರೆ, ವಿದ್ಯಾರ್ಥಿಗಳಿಗೆ ರಿಯಾಯಿತಿ ಕೊಡುತ್ತಾರೆ, ಕುಳಿತು ಕೆಲಸ ಮಾಡುವ ದೂರವನ್ನು ಅಳೆದು ಅದಕ್ಕೆ ಹೊಂದಿಸಿಕೊಡುತ್ತಾರೆ. ಅಳತೆ ಕೊಡುವಾಗ ಬಗ್ಗಬೇಡಿ, ಬೆನ್ನು ನೆಟ್ಟಗೆ ಇಟ್ಟುಕೊಂಡು ಕೂತಾಗಿನ ದೂರವನ್ನೇ ಅಳೆಯಲು ಹೇಳಿ. ಐದು ವರ್ಷ ಹೈಜೀನಿಸ್ಟ್ ಆಗಿದ್ದವರು ಅಭ್ಯಾಸಬಲದಿಂದ ಮುಂದಕ್ಕೆ ಬಾಗಿ ಕುಳಿತು ಅಳತೆ ಕೊಟ್ಟುಬಿಡುತ್ತಾರೆ, ಆಮೇಲೆ ಆ ಲೂಪ್ಸ್ ಹಾಕಿದಷ್ಟು ದಿನವೂ ಹಾಗೇ ಬಾಗಿರಬೇಕಾಗುತ್ತದೆ. ಹಳೆಯದನ್ನು ಮಾರಬೇಡಿ, ಶನಿವಾರಗಳಿಗೆ ಅದೇ ಇರಲಿ.